ಗೋವಿನ ಹಾಡಿನ ಪ್ರಾಸ, ಲಯ, ಪುನರಾವರ್ತನೆ: ಕಿರುಪ್ರಬಂಧ ಮುಗಿಸಿದ ಅನುಭವ

ಮೊನ್ನೆ ನನ್ನ ಎಂ.ಎ. ಕಿರುಪ್ರಬಂಧದ ಮೌಖಿಕ ಪರೀಕ್ಷೆ ಮುಗಿಯಿತು. ವಿಷಯ ಗೋವಿನ ಹಾಡು. ಅದರಲ್ಲೂ ಅದರ ಪ್ರಾಸ, ಲಯ ಮತ್ತು ಪುನರಾವರ್ತನೆ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿಕೊಂಡು ದೂರಶಿಕ್ಷಣದಲ್ಲಿ ಓದಿದವಳು. ಈ ಕೆಲಸ ಹೇಗೆ ಮಾಡಬೇಕು ಅಂತ ಕೇಳೋಣವೆಂದರೆ ಹತ್ತಿರದಲ್ಲಿ ಮಾಡಿದವರು ಯಾರೂ ಸಿಗಲಿಲ್ಲ. ಮುಂದೆ ಯಾರಾದರೂ ಇಂಥದ್ದೇ ಕಥನಗೀತೆ ಹಿಡಿದು ಕೂತರೆ ಅವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲ ಕಷ್ಟ ವಿಷಯ ಒಪ್ಪಿಸುವುದು. 'ಜನಪದ ಕಥನಗೀತೆಗಳ ಛಂದಸ್ಸು' ಅಂತ ಬರೆದುಕೊಂಡು ಹೋಗಿದ್ದೆ. ನನ್ನ ಮಾರ್ಗದರ್ಶಕಿ ಮೇಡಂ ಒಂದೇ ಮಾತು ಹೇಳಿದರು. "ಒಂದು ಹಾಡು ತಗೊಳ್ಳಿ, ಅದನ್ನ ಪೂರ್ತಿ ನೋಡಿ." ಗೋವಿನ ಹಾಡು ಮತ್ತು ಕೆರೆಗೆ ಹಾರ ಎರಡೂ ಮನಸ್ಸಿನಲ್ಲಿದ್ದವು. ಕೆರೆಗೆ ಹಾರದಲ್ಲಿ ಭಾಗೀರತಿಯ ಕಥೆಯನ್ನು ಮುಂದೆ ಎಳೆಯುವುದು ಹೆಚ್ಚಾಗಿ ಮರುಕಳಿಸುವ ಮಾತುಗಳು. ಪ್ರಾಸ ಅಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಗೋವಿನ ಹಾಡಿನಲ್ಲಿ ಪ್ರಾಸ, ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ), ಮರುಕಳಿಕೆ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ಅದಕ್ಕೇ ಅದನ್ನು ಹಿಡಿದೆ.

ಸಾರಲೇಖ, ಅಂದರೆ ಸಿನಾಪ್ಸಿಸ್, ಕಳಿಸಿ ವಾರಗಟ್ಟಲೆ ಕಾದೆ. ಕೊನೆಗೆ 'ಇದರಲ್ಲಿ ಹೊಸದೇನು?' ಎಂಬ ಟಿಪ್ಪಣಿ ಹೊತ್ತು ವಾಪಸ್ ಬಂತು. ಅವತ್ತು ತುಂಬಾ ಬೇಜಾರಾಯಿತು. ಇಡೀ ಕರ್ನಾಟಕಕ್ಕೆ ಬಾಯಿಪಾಠ ಇರುವ ಹಾಡು, ನಿಜ. ಆದರೆ ಬಾಯಿಗೆ ಬರುವುದು ಬೇರೆ, ಅದು ಬಾಯಿಯಲ್ಲಿ ಯಾಕೆ ನಿಂತಿದೆ ಅಂತ ತಿಳಿಯುವುದು ಬೇರೆ ಅಲ್ವಾ? ಅದೇ ಮಾತನ್ನು ಸ್ವಲ್ಪ ಗಂಭೀರ ಭಾಷೆಯಲ್ಲಿ ಬರೆದು, ಮಾದರಿಗೆ ಒಂದು ಪದ್ಯಕ್ಕೆ ಪ್ರಸ್ತಾರ, ಅಂದರೆ ಒಂದೊಂದು ಅಕ್ಷರದ ಮಾತ್ರೆಯ ಗುರುತು, ಹಾಕಿ ಮತ್ತೆ ಕಳಿಸಿದೆ. ಆಗ ಒಪ್ಪಿಗೆ ಸಿಕ್ಕಿತು. ನೀವೂ ಸಾರಲೇಖದಲ್ಲೇ ಒಂದು ಪದ್ಯ ಬಿಡಿಸಿ ತೋರಿಸಿ. ಬರೀ ಉದ್ದೇಶ ಬರೆದರೆ ಸಾಲದು.

ಆಮೇಲೆ ಪಾಠದ ಸಮಸ್ಯೆ. ಪಾಠ ಅಂದರೆ ಹಾಡಿನ ಮಾತು, ಅಕ್ಷರಕ್ಕಕ್ಷರ. ನಾನು ಚಿಕ್ಕವಳಿದ್ದಾಗ ಕಲಿತದ್ದು ಒಂದು ರೀತಿ, ಪಠ್ಯಪುಸ್ತಕದಲ್ಲಿ ಇನ್ನೊಂದು, ಗ್ರಂಥಾಲಯದ ಸಂಗ್ರಹಗಳಲ್ಲಿ ಮತ್ತೊಂದು. ಒಂದು ಕಡೆ 'ಕರ್ಣಾಟ ದೇಶದಿ', ಇನ್ನೊಂದು ಕಡೆ 'ದೇಶದೊಳ್'. ಒಂದು ಕಡೆ 'ಹಾಯಬೇಡಿ', ಇನ್ನೊಂದು ಕಡೆ 'ಹಾಯದಿರಿ'. ಸುಮ್ನೆ ಓದುವವರಿಗೆ ಇದೇನೂ ದೊಡ್ಡದಲ್ಲ. ಮಾತ್ರೆ ಎಣಿಸುವವರಿಗೆ ಒಂದೊಂದು ಅಕ್ಷರವೂ ಲೆಕ್ಕ. ಹಾಗಾಗಿ ಒಂದು ಪಾಠವನ್ನು ಆಧಾರವಾಗಿ ಇಟ್ಟುಕೊಂಡೆ. ಉಳಿದವುಗಳ ವ್ಯತ್ಯಾಸವನ್ನು ಪಕ್ಕದ ಕಾಲಂನಲ್ಲಿ ಬರೆದೆ. ಈ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳಿದ್ದೇ ಅದನ್ನು.

ಪುಸ್ತಕ ಹುಡುಕಲು ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಓಡಾಡಬೇಕಾಯಿತು. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿನ ಖರ್ಚು ಉಳಿಯಿತು. ಅಲ್ಲಿ ಹಳೆಯ ಸಂಗ್ರಹಗಳನ್ನು ಮನೆಗೆ ಕೊಡುವುದಿಲ್ಲ. ಜೆರಾಕ್ಸ್ ಮಾಡಿಸಲು ಅರ್ಜಿ, ಗುರುತಿನ ಚೀಟಿಯ ಪ್ರತಿ, ಕಾಲೇಜಿನ ಪತ್ರ ಮೂರೂ ಬೇಕೆಂದರು. ಮೊದಲೇ ಜೊತೆಗಿಟ್ಟುಕೊಂಡು ಹೋದರೆ ಅರ್ಧ ದಿನ ಉಳಿಯುತ್ತದೆ.

ಇನ್ನು ಹಾಡಿನ ಒಳಗೆ ಹೋಗೋಣ.

ಪ್ರಾಸ ಅಂದ ಕೂಡಲೇ ಎಷ್ಟೋ ಜನ ಸಾಲಿನ ಕೊನೆ ನೋಡುತ್ತಾರೆ. ಇಂಗ್ಲಿಷಿನ ಕಥನಗೀತೆಯಾದ ಬ್ಯಾಲಡ್ಡಿನಲ್ಲಿ ಅದು ಸರಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲಿನ ಪದ್ಯದ ಎರಡನೇ ಮತ್ತು ನಾಲ್ಕನೇ ಸಾಲುಗಳ ಕೊನೆ ಹೊಂದುತ್ತದೆ. ಕನ್ನಡದಲ್ಲಿ ಮೊದಲು ನೋಡಬೇಕಾದ್ದು ಪ್ರತಿ ಸಾಲಿನ ಎರಡನೇ ಅಕ್ಷರ. ಆದಿಪ್ರಾಸ ಎನ್ನುವುದು ಇದನ್ನೇ.

ಧರಣಿ ಮಂಡಲ ಮಧ್ಯದೊಳಗೆ
ಮೆರೆಯುತಿಹ ಕರ್ಣಾಟ ದೇಶದಿ
ಇರುವ ಕಾಳಿಂಗನೆಂಬ ಗೊಲ್ಲನ
ಪರಿಯ ನಾನೆಂತು ಪೇಳ್ವೆನು

ಧರಣಿ, ಮೆರೆ, ಇರು, ಪರಿ. ನಾಲ್ಕೂ ಕಡೆ ಎರಡನೇ ಅಕ್ಷರ ರಕಾರ. ಅಷ್ಟೇ ಅಲ್ಲ, ನಾಲ್ಕೂ ಕಡೆ ಅದರ ಹಿಂದಿನ ಅಕ್ಷರ ಲಘು, ಅಂದರೆ ಒಂದು ಮಾತ್ರೆಯದು. ಹಳೆಯ ಛಂದಸ್ಸಿನಲ್ಲಿ ಪ್ರಾಸಕ್ಕೆ ಆರು ಹೆಸರಿವೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರದ ಹಿಂದೆ ಬರೀ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ಸೊನ್ನೆ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ. ಪ್ರಾಸಾಕ್ಷರವೇ ಬೇರೆ ಬೇರೆ ವ್ಯಂಜನಗಳ ಒತ್ತಾದರೆ ಶರಭ, ಅದೇ ಅಕ್ಷರದ ಒತ್ತಾದರೆ ಹಯ. ಈ ಆರು ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಂಡೆ. ಆಮೇಲೆ ಪದ್ಯ ಪದ್ಯವಾಗಿ ಗುರುತು ಹಾಕಿದೆ. 'ಧರಣಿ' ಸಿಂಹ. 'ಆರ ಮೊಲೆಯನು ಕುಡಿಯಲಮ್ಮ' ಗಜ. 'ಖಂಡವಿದೆಕೋ' ವೃಷಭ. 'ಸತ್ಯವೇ ನಮ್ಮ ತಾಯಿ ತಂದೆ' ಶರಭ. 'ತಬ್ಬಲಿಯು ನೀನಾದೆ ಮಗನೆ' ಹಯ. ಪಂಡಿತರು ಹೆಸರಿಟ್ಟ ಐದು ಬಗೆ ಒಂದು ಜನಪದ ಹಾಡಿನಲ್ಲಿ ಸಿಕ್ಕಾಗ ಮೈ ಜುಮ್ಮೆಂದಿತು. ಈ ಹಾಡು ಕಟ್ಟಿದವರ ಕಿವಿ ಎಷ್ಟು ಚುರುಕಾಗಿತ್ತು!

ಹುಲಿಯ ಹೆಸರಿನ ವಿಷಯ ಇಲ್ಲಿ ಹೇಳಲೇಬೇಕು. ಹಬ್ಬಿದಾ, ಗಬ್ಬಿತನ, ಕಿಬ್ಬಿ ಎಂದು ಮೂರು ಸಾಲಿನಲ್ಲಿ ಬ್ಬಕಾರ ಬರುತ್ತದೆ. ಎರಡನೇ ಸಾಲು ಮಾತ್ರ 'ಅರ್ಭುತ' ಎಂದು ಶುರುವಾಗುತ್ತದೆ. ಕೆಲವರು ಅದನ್ನು 'ಅದ್ಭುತ' ಅಂತ ತಿದ್ದಿಯೂ ಬರೆಯುತ್ತಾರೆ. ಎರಡರಲ್ಲೂ ಪ್ರಾಸ ಪೂರ್ತಿ ಕೂಡುವುದಿಲ್ಲ. 'ಅಬ್ಬುತ' ಎಂದು ಹಾಡಿಕೊಂಡು ನೋಡಿ, ಸರಿಯಾಗಿ ಕೂಡುತ್ತದೆ. ಮೂಲದಲ್ಲಿ ಹೀಗೇ ಇದ್ದಿರಬಹುದು ಅಂತ ನನಗನ್ನಿಸುತ್ತದೆ. ಊಹೆ ಎಂದೇ ಅಡಿಟಿಪ್ಪಣಿಯಲ್ಲಿ ಹಾಕಿದೆ. ಇಂಥ ಊಹೆಗಳನ್ನು ಮೂಲಪಾಠಕ್ಕೆ ಸೇರಿಸಬೇಡಿ.

ಪ್ರಾಸಕ್ಕಿಂತ ಜಾಸ್ತಿ ಸಮಯ ತಿಂದದ್ದು ಮಾತ್ರೆ. ಹ್ರಸ್ವಕ್ಕೆ ಒಂದು. ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಒಂದು ಮಾತ್ರೆಯದು ಲಘು, ಎರಡರದು ಗುರು. ನಿಯಮ ಇಷ್ಟೇ. ಈ ಸಾಲು ನೋಡಿ: ಮೆರೆಯು, ತಿಹ ಕರ್, ಣಾಟ, ದೇಶದಿ. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಇದೇ ಹಾಡಿನ ಅಡಿಪಾಯ. ಆರು ಸಾಲಿನ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ ಇರುವುದೂ ಇದೇ 3-4ರ ನಡೆ, ಇದೇ 14 ಮಾತ್ರೆ. ಭಾಮಿನಿಯಲ್ಲೇ ಬರೆದ ಕುಮಾರವ್ಯಾಸನನ್ನು ವಾಚನ ಮಾಡುವವರಿಗೆ ಗೋವಿನ ಹಾಡಿನ ಲಯ ತಕ್ಷಣ ಹಿಡಿಯುವುದು ಇದರಿಂದಲೇ.

ಆದರೆ ಎಲ್ಲ ಸಾಲೂ ಹೀಗೆ ಬರುವುದಿಲ್ಲ. 'ಇರುವ ಕಾಳಿಂಗನೆಂಬ ಗೊಲ್ಲನ' 15 ಆಗುತ್ತದೆ. 'ಎಳೆಯ ಮಾವಿನ ಮರದ ಕೆಳಗೆ' 13ಕ್ಕೇ ನಿಲ್ಲುತ್ತದೆ. 'ನದಿಯ ಸ್ನಾನವ ಮಾಡಿಕೊಂಡು' ಸಾಲಿನಲ್ಲಿ ಸ್ನಾ ಮುಂದೆ ಇರುವುದರಿಂದ 'ಯ' ಗುರುವಾಗಬೇಕು, ಹಾಡುವಾಗ ಆಗುವುದಿಲ್ಲ. ಪುಸ್ತಕದ ನಿಯಮ ಹಿಡಿದರೆ ಹಾಡು ತಪ್ಪು ಅನ್ನಬೇಕು. ಹಾಡು ತಪ್ಪು ಅನ್ನಲು ನನಗೆ ಮನಸ್ಸು ಬರಲಿಲ್ಲ. ಇಲ್ಲಿ ಎಷ್ಟೋ ರಾತ್ರಿ ಸಿಕ್ಕಿಕೊಂಡಿದ್ದೆ.

ಮೇಡಂ ಹೇಳಿದರು: "ಪೆನ್ಸಿಲ್ ಕೆಳಗಿಡಿ, ಹಾಡಿಸಿ ಕೇಳಿ." ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ದೂರದ ನೆಂಟರ ಅಜ್ಜಿಯೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ಧ್ವನಿಮುದ್ರಣ ಮಾಡಿದರೆ ಒಪ್ಪಿಗೆ ಪತ್ರ ಲಗತ್ತಿಸಬೇಕು ಎಂಬ ನಿಯಮ ನಮ್ಮಲ್ಲಿತ್ತು. ಪತ್ರವನ್ನು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು, ಮನೆಯವರೊಬ್ಬರ ಸಾಕ್ಷಿ ಸಹಿ ತೆಗೆದುಕೊಂಡೆ. ಇಂಕ್ ಪ್ಯಾಡ್ ನೀವೇ ತೆಗೆದುಕೊಂಡು ಹೋಗಿ, ಹಳ್ಳಿಯಲ್ಲಿ ಹುಡುಕುವ ಹಾಗಾಗಬಾರದು.

ಫೋನ್ ಮುಂದಿಟ್ಟರೆ ಅಜ್ಜಿಗೆ ಹಾಡು ಬರಲಿಲ್ಲ. ಅವರೆಕಾಯಿ ಬಿಡಿಸಲು ಕೂತ ಮೇಲೆ ತಾನೇ ಬಂತು. ಕೈಕೆಲಸದ ಜೊತೆ ಹಾಡಿದ್ದನ್ನು ಕೇಳುತ್ತಾ ಹೋದ ಹಾಗೆ ನನ್ನ ಪ್ರಶ್ನೆಗಳು ಒಂದೊಂದಾಗಿ ಬಿಡಿಸಿಕೊಂಡವು. 13 ಮಾತ್ರೆಯ ಸಾಲಿನ ಕೊನೆಯನ್ನು ಅವರು ಎಳೆದರು, 'ಕೆಳಗೇ' ಆಯಿತು, 14 ತುಂಬಿತು. 'ಕಾಳಿಂಗನೆಂಬ' ಎನ್ನುವಾಗ ಒಂದು ಮಾತ್ರೆಯನ್ನು ಅವಸರದಲ್ಲಿ ನುಂಗಿದರು. 'ಸ್ನಾನ' ಅವರ ಬಾಯಲ್ಲಿ 'ತಾನ'. ಒತ್ತೇ ಇಲ್ಲದ ಮೇಲೆ ಹಿಂದಿನ ಅಕ್ಷರ ಗುರುವಾಗುವ ಮಾತೇ ಇಲ್ಲ. ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿದರೆ ಛಂದಸ್ಸಿನಲ್ಲಿ ಶಿಥಿಲದ್ವಿತ್ವ ಎನ್ನುತ್ತಾರೆ. ಪ್ರಬಂಧದಲ್ಲಿ ಆ ಹೆಸರನ್ನೂ ಬರೆದೆ, ಅಜ್ಜಿಯ ಉಚ್ಚಾರವನ್ನೂ ಬರೆದೆ.

ನಾಲ್ಕನೇ ಸಾಲಿನ ಗುಟ್ಟು ಕೂಡ ಅಲ್ಲೇ ತಿಳಿಯಿತು. 'ಅಲ್ಲಿ ತುಂಬಿತು ಬಿಂದಿಗೆ', 'ಉಂಡು ಸಂತಸದಿಂದಿರು', 'ಮೆಚ್ಚನಾ ಪರಮಾತ್ಮನು'. ಬರಹದಲ್ಲಿ ಎಲ್ಲವೂ 3, 4, 3, ಆಮೇಲೆ ಒಂಟಿ ಅಕ್ಷರ. 11 ಮಾತ್ರೆ. ಅಜ್ಜಿ ಆ ಕೊನೆಯ ಅಕ್ಷರವನ್ನು ಹಿಡಿದು, ಉಸಿರು ತೆಗೆದುಕೊಂಡು, ಆ ಸಾಲನ್ನು ಇನ್ನೊಮ್ಮೆ ಹಾಡುತ್ತಿದ್ದರು. ಕೇಳುವವರು ಕಥೆಯನ್ನು ಮನಸ್ಸಿಗೆ ತೆಗೆದುಕೊಳ್ಳುವುದು ಆ ಬಿಡುವಿನಲ್ಲಿ.

"ಹಾಡ್ನ ಯಾಕವ್ವಾ ಎಣಿಸ್ತೀಯ?" ಅಂತ ಅಜ್ಜಿ ಕೇಳಿದರು. "ನೀವು ಇಷ್ಟು ಚೆನ್ನಾಗಿ ಹೇಗೆ ನೆನಪಿಟ್ಟುಕೊಂಡಿದೀರ ಅಂತ ನೋಡೋಕೆ ಅಜ್ಜಿ" ಅಂದೆ. ಕರುವನ್ನು ತಬ್ಬಿಕೊಳ್ಳುವ ಕಡೆ ಬಂದಾಗ ಅವರ ಗಂಟಲು ಕಟ್ಟಿತು. ಮುದ್ರಣ ನಿಲ್ಲಿಸಿ ಸುಮ್ಮನೆ ಪಕ್ಕದಲ್ಲಿ ಕೂತೆ. ಸಂಜೆ ಕಾಫಿ ಆದ ಮೇಲೆ ಅವರೇ ಮುಂದುವರಿಸಿದರು. ಇಂಥ ಕೆಲಸಕ್ಕೆ ಹೋಗುವಾಗ ಒಂದು ಇಡೀ ದಿನ ಬಿಡುವು ಮಾಡಿಕೊಂಡು ಹೋಗಿ.

ಊರಿಗೆ ಬಂದ ಮೇಲೆ ಎಲ್ಲ ಪದ್ಯಗಳನ್ನೂ ಹೊಸದಾಗಿ ಹರಡಿಕೊಂಡು ಕೂತೆ. ಈ ಸಲ ಮಾದರಿಗೆ ಹೊಂದುವ ಸಾಲುಗಳನ್ನು ಬಿಟ್ಟು, ಪ್ರಾಸ ಕೈಬಿಟ್ಟ ಸಾಲುಗಳಿಗೆ ಕೆಂಪು ಗುರುತು ಹಾಕಿದೆ. ಪ್ರಬಂಧದ ಜೀವಾಳ ಸಿಕ್ಕಿದ್ದು ಅಲ್ಲಿ.

'ಗಂಗೆ ಬಾರೇ ಗೌರಿ ಬಾರೇ, ತುಂಗಭದ್ರೆ ತಾಯಿ ಬಾರೇ' ಎಂದು ಶುರುವಾಗುವ ಪದ್ಯ ಎರಡು ಸಾಲು ಪ್ರಾಸ ಇಟ್ಟುಕೊಂಡು 'ಪುಣ್ಯಕೋಟಿ' ಎಂಬಲ್ಲಿ ಬಿಟ್ಟುಬಿಡುತ್ತದೆ. ಆದರೆ ಕಿವಿಗೆ ಕೊರತೆ ಅನ್ನಿಸುವುದಿಲ್ಲ. 'ಬಾರೇ' ಮತ್ತೆ ಮತ್ತೆ ಬಂದು ಆ ಜಾಗ ತುಂಬುತ್ತದೆ. ಪುಣ್ಯಕೋಟಿ ಉಳಿದ ಹಸುಗಳನ್ನು ಬೇಡಿಕೊಳ್ಳುವ ಪದ್ಯ ನೋಡಿ. 'ಅಮ್ಮಗಳಿರ ಅಕ್ಕಗಳಿರ, ಎನ್ನ ತಾಯೊಡಹುಟ್ಟುಗಳಿರ.' ಅಮ್ಮ, ಎನ್ನ, ಕಂದ, ತಬ್ಬಲಿ: ಒಂದಕ್ಕೊಂದು ಪ್ರಾಸ ಇಲ್ಲ. ಅಲ್ಲಿ 'ಗಳಿರ' ಮೂರು ಸಲ ಬರುತ್ತದೆ. ಪ್ರಾಸ ಬಿಟ್ಟ ಕಡೆ ಪುನರಾವರ್ತನೆ ಹಾಡನ್ನು ಹಿಡಿದುಕೊಳ್ಳುತ್ತದೆ. ಅದರ ಮುಂದಿನ ಪದ್ಯ ಹೀಗಿದೆ:

ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ
ಕಂದ ನಿಮ್ಮವನೆಂದು ಕಾಣಿರಿ
ತಬ್ಬಲಿಯನೀ ಕರುವನು

ಮುಂದೆ, ಹಿಂದೆ, ಕಂದ. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. 'ತಬ್ಬಲಿ' ಒಂದೇ ಹೊರಗೆ ನಿಂತಿದೆ, ಅದಕ್ಕೆ ಜೊತೆ ಇಲ್ಲ. ಆದರೆ ತಾಯಿ ಕರುವನ್ನು ಅಪ್ಪಿಕೊಳ್ಳುವ ಪದ್ಯದಲ್ಲಿ ತಬ್ಬಲಿ, ಹೆಬ್ಬುಲಿ, ಇಬ್ಬರ, ತಬ್ಬಿ ಎಂದು ನಾಲ್ಕೂ ಸಾಲು ಕೂಡುತ್ತವೆ. ತಾಯಿ ಜೊತೆಗಿರುವಾಗ ಆ ಪದಕ್ಕೆ ಪ್ರಾಸ ಇದೆ. ಬೇರೆಯವರ ಕೈಗೆ ಒಪ್ಪಿಸುವಾಗ ಇಲ್ಲ. ಬೇಕೆಂದೇ ಹೀಗೆ ಕಟ್ಟಿದರು ಅಂತ ಸಾಧಿಸಲು ನಾನು ಹೋಗಲಿಲ್ಲ. ಕೇಳುವವರ ಕಿವಿಗೆ ಹಾಗೆ ತಾಕುತ್ತದೆ ಅಂತ ಬರೆದೆ.

ಇನ್ನೊಂದು, 'ಸತ್ಯವೇ ನಮ್ಮ ತಾಯಿ ತಂದೆ' ಪದ್ಯ. ಮೊದಲ ಮೂರು ಸಾಲು ಲೆಕ್ಕ ಹಾಕಿ, ಪ್ರತಿಯೊಂದೂ ಕಟ್ಟುನಿಟ್ಟಾಗಿ 14. ಎಳೆಯುವುದು, ನುಂಗುವುದು ಏನೂ ಬೇಕಿಲ್ಲ. 'ಖಂಡವಿದೆಕೋ ಮಾಂಸವಿದೆಕೋ' ಪದ್ಯವೂ ಹಾಗೆಯೇ ಬಿಗಿ. ಅದರಲ್ಲೂ 'ಚಂಡ ವ್ಯಾಘ್ರನೆ' ಎಂಬಲ್ಲಿನ ಒತ್ತನ್ನು ತೇಲಿಸಿದರೆ ಸಾಕು. ಹಸು ಮಾತು ಕೊಡುವಾಗ ಮತ್ತು ಮಾತು ಉಳಿಸಿಕೊಳ್ಳುವಾಗ ಮಾತ್ರೆಯೂ ತಪ್ಪುವುದಿಲ್ಲ!

ಇಷ್ಟು ಬರೆದು ಮುಗಿಸಿದಾಗ ಕೆಲಸ ಆಯಿತು ಅಂದುಕೊಂಡೆ. ಕಂಪ್ಯೂಟರ್ ಕಾಟ ಬಾಕಿ ಇತ್ತು. ಡಿಟಿಪಿಯವರು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಹೋಲಿಕೆ ಪರೀಕ್ಷೆಗೆ, ಅಂದರೆ ಬೇರೆ ಕಡೆಯಿಂದ ನಕಲು ಮಾಡಿದ್ದೇವಾ ಅಂತ ಕಂಪ್ಯೂಟರಿನಲ್ಲಿ ನೋಡುವುದಕ್ಕೆ, ಯೂನಿಕೋಡ್ ಬೇಕು. ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹಾರಿದವು. 'ಅರ್ಭುತ', 'ಕರ್ಣಾಟ' ಗುರುತೇ ಸಿಗದಂತಾದವು. ಅಕ್ಷರ ಅಕ್ಷರ ಓದಿ ತಿದ್ದಿದೆ. ಲಘು ಗುರು ಚಿಹ್ನೆಗಳು ಅಕ್ಷರದ ಮೇಲೆ ಸರಿಯಾಗಿ ಕೂರಲೇ ಇಲ್ಲ. ಸಾಲುಗಳ ಮಧ್ಯೆ ಜಾಗ ಬಿಡಿಸಿ, ಮೂರೂ ಪ್ರತಿಗಳಲ್ಲಿ ಕಪ್ಪು ಪೆನ್ನಿನಿಂದ ಕೈಯಲ್ಲೇ ಹಾಕಿದೆ. ಮೊದಲಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಪುಟಕ್ಕೆ 25 ರೂಪಾಯಿ ಕೊಟ್ಟು ಮಾಡಿಸಿದ್ದನ್ನು ತಿರುಗಿ ನಾವೇ ತಿದ್ದುವುದು ಹೊಟ್ಟೆ ಉರಿಸುತ್ತದೆ.

ಹೋಲಿಕೆ ವರದಿ ಬಂದಾಗ ಎದೆ ಧಸಕ್ಕೆಂದಿತು. ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ತೋರಿಸಿತು. ತೆರೆದು ನೋಡಿದರೆ ಕೆಂಪಾಗಿದ್ದುದೆಲ್ಲ ಹಾಡಿನ ಸಾಲುಗಳೇ! ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಹೋಲಿಕೆ 10 ಪ್ರತಿಶತದವರೆಗೆ ಇದ್ದರೆ ದಂಡ ಇಲ್ಲ. ಮೂಲ ಹೇಳಿ ಉಲ್ಲೇಖಿಸಿದ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತಲೂ ಅದರಲ್ಲಿದೆ. ಆ ಪುಟದ ಪ್ರತಿ ಹಿಡಿದು ಹೋಗಿ, ಪದ್ಯಗಳನ್ನೆಲ್ಲ ಉದ್ಧರಣ ಚಿಹ್ನೆಯೊಳಗೆ ಹಾಕಿ, ಉಲ್ಲೇಖ ಬಿಟ್ಟು ಪರೀಕ್ಷಿಸಿ ಅಂತ ಕೇಳಿಕೊಂಡೆ. ಆಮೇಲೆ ಸರಿಹೋಯಿತು. ಇದಕ್ಕೆ ಕಾದ ದಿನಗಳಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಪದ್ಯ ವಿಶ್ಲೇಷಣೆ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ, ಮೊದಲೇ ಸಿದ್ಧರಾಗಿ.

ಬೈಂಡಿಂಗ್ ಒಂದು ಪ್ರತಿಗೆ 300 ರೂಪಾಯಿ ಆಯಿತು. ಮಾರ್ಗದರ್ಶಕರ ಪ್ರಮಾಣಪತ್ರ, ನನ್ನ ಘೋಷಣಾ ಪತ್ರ, ಹೋಲಿಕೆ ವರದಿ, ಅಜ್ಜಿಯ ಒಪ್ಪಿಗೆ ಪತ್ರ, ಶುಲ್ಕದ ಚಲನ್ ಎಲ್ಲವನ್ನೂ ಬೈಂಡಿಂಗ್‌ಗೆ ಮೊದಲೇ ಸೇರಿಸಿ. ಆಮೇಲೆ ಅಂಟಿಸಿದ್ದನ್ನು ನಮ್ಮ ಕಡೆ ತೆಗೆದುಕೊಳ್ಳಲಿಲ್ಲ.

ಮೌಖಿಕ ಪರೀಕ್ಷೆಗೆ ಬೆಳಗ್ಗೆ ಬರಹೇಳಿ ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಕರೆದರು. ಹೊರಗಿನಿಂದ ಬಂದ ಪರೀಕ್ಷಕರು ಪಾಠಾಂತರದ ಪಟ್ಟಿ ನೋಡಿ ಮೊದಲು ಅದನ್ನೇ ಕೆದಕಿದರು. ಆಮೇಲೆ, "'ಆರ ಮೊಲೆಯನು' ಪದ್ಯದಲ್ಲಿ ಸಾಲು ಸಾಲಿಗೂ 'ಆರ ಆರ' ಅಂತ ಅದೇ ಪದ ಬಂದರೆ ಅದು ಪ್ರಾಸವೇನಮ್ಮಾ?" ಅಂದರು. "ಅಕ್ಷರದ ಲೆಕ್ಕಕ್ಕೆ ಗಜಪ್ರಾಸ ಸರ್, ಆದರೆ ಕೆಲಸ ಮಾಡುತ್ತಿರುವುದು ಪುನರಾವರ್ತನೆ. ಎರಡೂ ಕಡೆ ನಮೂದಿಸಿದ್ದೇನೆ" ಅಂದೆ. ತಲೆಯಾಡಿಸಿದರು.

ಕೊನೆಯ ಪ್ರಶ್ನೆ: "ಹಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪುನರಾವರ್ತನೆ ಯಾವುದು?" 'ಸತ್ಯ' ಎಂಬ ಉತ್ತರ ಅವರು ಕಾಯುತ್ತಿದ್ದರು ಅಂತ ಕಾಣುತ್ತದೆ. ನಾನು 'ಮೆಚ್ಚನಾ ಪರಮಾತ್ಮನು' ಅಂದೆ. ಸತ್ಯವಾಕ್ಯಕ್ಕೆ ತಪ್ಪಿ ನಡೆದರೆ ದೇವರು ಮೆಚ್ಚುವುದಿಲ್ಲ ಎನ್ನುವುದು ಹಸುವಿನ ಮಾತು. ಅಲ್ಲಿ ಮೂರು ಸಾಲು 'ಸತ್ಯ', ನಾಲ್ಕನೆಯದರಲ್ಲಿ ಪ್ರಾಸ ತಪ್ಪಿ 'ಮೆಚ್ಚ'. ಕೊನೆಗೆ ಹುಲಿ ಕಣ್ಣೀರು ಹಾಕುವ ಪದ್ಯ ಬರುತ್ತದೆ. ಪುಣ್ಯಕೋಟಿಯ, ಕಣ್ಣ ನೀರನು, ಕನ್ನೆಯಿವಳನು. ಇವು ಒಂದಕ್ಕೊಂದು ಹತ್ತಿರ ಹತ್ತಿರ ಇವೆ. ನಾಲ್ಕನೇ ಸಾಲು ಮತ್ತೆ 'ಮೆಚ್ಚನಾ ಪರಮಾತ್ಮನು'. ಎರಡು ಪದ್ಯದಲ್ಲೂ ಈ ಸಾಲು ಪ್ರಾಸಕ್ಕೆ ಸೇರದೆ ನಿಂತಿದೆ, ಅದಕ್ಕೇ ಎರಡನೇ ಸಲ ಕೇಳಿದ ಕೂಡಲೇ ಗುರುತು ಸಿಗುತ್ತದೆ. ಹಸುವಿನ ಮಾತು ಹುಲಿಯ ಬಾಯಿಗೆ ಬಂದಿದೆ. ಮುಂದಿನ ಪದ್ಯದಲ್ಲಿ ಅದೇ ಹುಲಿ 'ಎನ್ನ ಒಡಹುಟ್ಟಕ್ಕ ನೀನು' ಎನ್ನುತ್ತದೆ. ಹಸು ತನ್ನ ಕರುವನ್ನು ಒಪ್ಪಿಸುವಾಗ ಬಳಸಿದ 'ಒಡಹುಟ್ಟು' ಅದು. ಅಲ್ಲಿಂದ ಎನ್ನ, ನಿನ್ನ, ಎನ್ನುತಾ, ತನ್ನ ಎಂದು ನಾಲ್ಕೂ ಸಾಲು ಪ್ರಾಸದಲ್ಲಿ ಕೂಡಿಕೊಳ್ಳುತ್ತವೆ.

ಪರೀಕ್ಷಕರು ಆ ಎರಡು ಪದ್ಯಗಳನ್ನು ಹಾಡಿ ತೋರಿಸಲು ಹೇಳಿದರು. ಅಜ್ಜಿ ಹಾಡಿದ ಹಾಗೆ, ನಾಲ್ಕನೇ ಸಾಲನ್ನು ಎರಡೆರಡು ಸಲ ಹಾಡಿದೆ. ಫಲಿತಾಂಶದ ಪಟ್ಟಿಗೆ ಇನ್ನೂ ಒಂದೆರಡು ತಿಂಗಳಾಗಬಹುದು ಅಂತ ಕಚೇರಿಯಲ್ಲಿ ಹೇಳಿದ್ದಾರೆ. ಪ್ರಬಂಧದ ಒಂದು ಪ್ರತಿ, ಕೆಂಪು ಗುರುತಿನ ಹಾಳೆಗಳ ಸಮೇತ ನನ್ನ ಹತ್ತಿರ ಇದೆ. ನೀವು ಯಾವುದೇ ಹಾಡು ತೆಗೆದುಕೊಳ್ಳಿ, ಅಂಥ ಹಾಳೆಗಳನ್ನು ಪರೀಕ್ಷೆಯ ಕೋಣೆಗೂ ತೆಗೆದುಕೊಂಡು ಹೋಗಿ. ನನ್ನ ಪರೀಕ್ಷಕರು ಬೈಂಡ್ ಮಾಡಿದ ಪುಸ್ತಕಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಆ ಹಾಳೆಗಳನ್ನೇ.